ಅಲ್ ಐನ್ ಮನೆಗಳಲ್ಲಿ ಬೆಕ್ಕು, ನಾಯಿ: ದಿನನಿತ್ಯದ ಆರೈಕೆ, ಚಿಗಟ ನಿವಾರಣೆ ಮತ್ತು ಆಟ



ಬೆಂಗಳೂರಿನಂತೆ ನಮ್ಮ ಅಲ್ ಐನ್‌ಗೂ 'ಉದ್ಯಾನ ನಗರಿ' ಎಂಬ ಹೆಸರಿದೆ. ದುಬೈ, ಅಬುಧಾಬಿಗಳಿಗೆ ಹೋಲಿಸಿದರೆ ಇಲ್ಲಿ ಕಟ್ಟಡಗಳು ತಗ್ಗು, ವಿಲ್ಲಾಗಳು ಹೆಚ್ಚು, ಕೆಲವರಿಗೆ ಸಣ್ಣ ಅಂಗಳದ ಭಾಗ್ಯವೂ ಉಂಟು. ಹಾಗಾಗಿ "ಅಪ್ಪಾ, ಒಂದು ಬೆಕ್ಕು ಸಾಕೋಣ", "ಅಮ್ಮಾ, ನಾಯಿಮರಿ ತರೋಣ" ಎಂಬ ಮಕ್ಕಳ ಬೇಡಿಕೆ ಇಲ್ಲಿಯ ಅನೇಕ ಕನ್ನಡ ಮನೆಗಳಲ್ಲಿ ಕೇಳಿಬರುತ್ತದೆ.

ಊರಿನಲ್ಲಿ ಬೆಕ್ಕು ಸಾಕುವುದು ಒಂದು ಕೆಲಸವೇ ಅಲ್ಲ. ಅಟ್ಟದ ಇಲಿ ಹಿಡಿಯುತ್ತದೆ, ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಗೆ ಬರುತ್ತದೆ, ಬಿಸಿಲಾದರೆ ತಾನೇ ತಂಪು ಜಾಗ ಹುಡುಕಿಕೊಳ್ಳುತ್ತದೆ. ನಾಯಿಯೂ ಅಷ್ಟೇ, ಜಗಲಿಯ ಕೆಳಗೆ ಮಲಗಿ ಮನೆ ಕಾಯುತ್ತದೆ. ಇಲ್ಲಿ ಹಾಗಲ್ಲ. ನೀರು, ನೆರಳು, ತಂಪು, ಆಟ ಎಲ್ಲವೂ ನಮ್ಮ ಕೈಯಿಂದಲೇ ಆಗಬೇಕು. ನಾವು ಮರೆತ ದಿನ ಅದಕ್ಕೆ ಬೇರೆ ದಾರಿ ಇಲ್ಲ. ಒಳ್ಳೆಯ ಸುದ್ದಿ ಏನೆಂದರೆ, ದಿನಕ್ಕೆ ಒಂದು ಗಂಟೆಯ ಒಳಗೆ ಮುಗಿಯುವ ಸಣ್ಣ ಸಣ್ಣ ಕೆಲಸಗಳನ್ನು ತಪ್ಪದೆ ಮಾಡಿದರೆ ದೊಡ್ಡ ತೊಂದರೆಗಳು ಬರುವುದು ಬಹಳ ಕಡಿಮೆ. ಆ ಕೆಲಸಗಳನ್ನು ಒಂದೇ ಕಡೆ ಕ್ರಮವಾಗಿ ಕೊಡುವ ಪ್ರಯತ್ನ ಈ ಲೇಖನ. ಬೇಕಾದವರು ಪ್ರಿಂಟ್ ತೆಗೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಳ್ಳಬಹುದು.

1. ಮನೆಗೆ ತರುವ ಮುನ್ನ

ನಮ್ಮಲ್ಲಿ ಹೆಚ್ಚಿನವರ ವೀಸಾ ಎರಡು ವರ್ಷದ್ದು. ಮನೆಯೊಳಗೆ ಬೆಳೆಯುವ ಬೆಕ್ಕಿನ ಆಯುಷ್ಯ ಹನ್ನೆರಡರಿಂದ ಹದಿನೆಂಟು ವರ್ಷ, ನಾಯಿಯದು ಹತ್ತರಿಂದ ಹದಿಮೂರು ವರ್ಷ. ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಆಮೇಲೆ ತೀರ್ಮಾನಿಸಿ. ಕೆಲಸ ಬದಲಾದರೆ, ಊರಿಗೆ ಮರಳಬೇಕಾದರೆ ಪ್ರಾಣಿಯನ್ನು ಏನು ಮಾಡುವಿರಿ ಎಂಬುದಕ್ಕೆ ಉತ್ತರ ಇದ್ದರೆ ಮಾತ್ರ ಮುಂದುವರಿಯಿರಿ.

ಎರಡನೆಯದು ಬಾಡಿಗೆ ಕರಾರು. ಸಾಕುಪ್ರಾಣಿಗೆ ಅವಕಾಶ ಇದೆಯೇ ಎಂದು ಮನೆಯ ಮಾಲೀಕರಿಂದ ಬರಹದಲ್ಲೇ ಒಪ್ಪಿಗೆ ಪಡೆಯಿರಿ. ವಿಲ್ಲಾದ ಒಂದು ಭಾಗದಲ್ಲಿ ಬಾಡಿಗೆಗೆ ಇರುವವರು ಪಕ್ಕದ ಮನೆಯವರನ್ನೂ ಕೇಳಬೇಕು. ನಾಯಿಯ ಜೊಲ್ಲು ತಾಗಿದರೆ ಪ್ರಾರ್ಥನೆಗೆ ಮೊದಲು ತೊಳೆದುಕೊಳ್ಳಬೇಕು ಎಂಬ ನಿಯಮವನ್ನು ಪಾಲಿಸುವ ನೆರೆಯವರಿದ್ದಾರೆ. ಲಿಫ್ಟಿನಲ್ಲಿ ಯಾರಾದರೂ ಇದ್ದರೆ ಮುಂದಿನ ಸರದಿಗೆ ಕಾಯುವುದು ಸೌಜನ್ಯ. ಬೆಕ್ಕಿನ ವಿಷಯದಲ್ಲಿ ಈ ತೊಡಕಿಲ್ಲ. ಗೇಟಿನ ಹೊರಗೆ ಬೆಕ್ಕುಗಳಿಗೆಂದು ನೀರಿನ ಬಟ್ಟಲು ಇಡುವ ಅರಬ್ ಮನೆಗಳನ್ನು ನೀವೂ ನೋಡಿರುತ್ತೀರಿ.

ಮೂರನೆಯದು ತಳಿ. ಸೈಬೀರಿಯನ್ ಹಸ್ಕಿಯಂತಹ ಚಳಿ ದೇಶದ ದಪ್ಪ ಕೂದಲಿನ ನಾಯಿ, ಪಗ್‌ನಂತಹ ಚಪ್ಪಟೆ ಮೂಗಿನ ನಾಯಿ, ಪರ್ಷಿಯನ್ ಬೆಕ್ಕು – ಇವು ಅಲ್ ಐನ್ ಬೇಸಿಗೆಯಲ್ಲಿ ಬಹಳ ಕಷ್ಟಪಡುತ್ತವೆ. ಇಲ್ಲಿಯ ಬೀದಿಗಳಲ್ಲಿ ಕಾಣುವ ಸಣಕಲು ದೇಹದ, ದೊಡ್ಡ ಕಿವಿಯ, ಗಿಡ್ಡ ಕೂದಲಿನ ಬೆಕ್ಕನ್ನು 'ಅರೇಬಿಯನ್ ಮಾವ್' ಎನ್ನುತ್ತಾರೆ. ಇದು ಈ ಹವೆಗೆ ತಲೆತಲಾಂತರದಿಂದ ಒಗ್ಗಿದ ಬೆಕ್ಕು. ಹಾಗೆಯೇ ಅರಬರ ಬೇಟೆನಾಯಿ ಸಲೂಕಿ. ಬಾಗಲಕೋಟೆ ಜಿಲ್ಲೆಯ ನಮ್ಮ ಮುಧೋಳ ನಾಯಿಯ ಪೂರ್ವಿಕರಲ್ಲಿ ಸಲೂಕಿಯೂ ಇದೆ ಎಂಬ ಅಭಿಪ್ರಾಯವಿದೆ. ಎರಡನ್ನೂ ಒಟ್ಟಿಗೆ ನಿಲ್ಲಿಸಿದರೆ ದಾಯಾದಿಗಳಂತೆ ಕಾಣುತ್ತವೆ! 2005ರಲ್ಲಿ ಭಾರತೀಯ ಅಂಚೆ ಇಲಾಖೆ ಮುಧೋಳ ನಾಯಿಯ ಅಂಚೆಚೀಟಿ ಹೊರತಂದಿತ್ತು. ಆದರೆ ಇಂತಹ ಬೇಟೆನಾಯಿಗಳಿಗೆ ಓಡಲು ಬಯಲು ಬೇಕು, ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಅವು ಹೊಂದುವುದಿಲ್ಲ.

2. ಕಾನೂನು ಮತ್ತು ನೋಂದಣಿ

ಯುಎಇಯಲ್ಲಿ 2016ರ 22ನೇ ಸಂಖ್ಯೆಯ ಫೆಡರಲ್ ಕಾನೂನಿನಂತೆ ನಾಯಿಗೆ ಪರವಾನಗಿ ಮತ್ತು ಲಸಿಕೆ ಕಡ್ಡಾಯ. ಮನೆಯಿಂದ ಹೊರಗೆ ಕರೆದೊಯ್ಯುವಾಗ ಕುತ್ತಿಗೆ ಪಟ್ಟಿಗೆ ಹಗ್ಗ ಇರಲೇಬೇಕು. ತಪ್ಪಿದರೆ ದಂಡ 10,000 ದಿರ್ಹಂನಿಂದ ಒಂದು ಲಕ್ಷ ದಿರ್ಹಂವರೆಗೆ. ಪಿಟ್ ಬುಲ್, ಜಪಾನಿ ಟೋಸಾ ಮುಂತಾದ ಕೆಲವು ತಳಿಗಳನ್ನು ಸಾಕುವಂತಿಲ್ಲ. ಪ್ರಾಣಿಗಳ ರಕ್ಷಣೆಗೆ 2007ರ ಕಾನೂನು ಇದೆ. 2016ರ ತಿದ್ದುಪಡಿಯ ನಂತರ ಹಿಂಸೆಗೆ ಸೆರೆಮನೆ ವಾಸ ಮತ್ತು ಎರಡು ಲಕ್ಷ ದಿರ್ಹಂವರೆಗಿನ ದಂಡ ವಿಧಿಸಬಹುದು.

ಅಲ್ ಐನ್ ಅಬುಧಾಬಿ ಎಮಿರೇಟಿಗೆ ಸೇರಿದ್ದರಿಂದ ಇನ್ನೊಂದು ನಿಯಮವೂ ನಮಗೆ ಅನ್ವಯಿಸುತ್ತದೆ. 2025ರ ಫೆಬ್ರವರಿ 3ರಿಂದ ಇಲ್ಲಿಯ ಎಲ್ಲ ಸಾಕುನಾಯಿ, ಸಾಕುಬೆಕ್ಕುಗಳಿಗೆ ಮೈಕ್ರೋಚಿಪ್ ಹಾಕಿಸಿ ಸರಕಾರದ 'ತಮ್' ವ್ಯವಸ್ಥೆಯಲ್ಲಿ ನೋಂದಾಯಿಸಬೇಕು. ಪಶುವೈದ್ಯರ ಕ್ಲಿನಿಕ್ಕಿನಲ್ಲೇ ಈ ಕೆಲಸ ಆಗುತ್ತದೆ, ನೋಂದಣಿಗೆ ಶುಲ್ಕವಿಲ್ಲ. ಮನೆಯವರಿಗೆ ಕೊಟ್ಟಿದ್ದ ಒಂದು ವರ್ಷದ ಕಾಲಾವಕಾಶ 2026ರ ಫೆಬ್ರವರಿಗೆ ಮುಗಿಯುವಂಥದ್ದು. ಇನ್ನೂ ಮಾಡಿಸದವರು ತಡಮಾಡಬೇಡಿ. ಮೈಕ್ರೋಚಿಪ್ ಎಂದರೆ ಅಕ್ಕಿಕಾಳಿನಷ್ಟು ಗಾತ್ರದ, 15 ಅಂಕಿಗಳ ಸಂಖ್ಯೆ ಹೊತ್ತ ಸಣ್ಣ ಕೊಳವೆ. ಅದನ್ನು ಭುಜಗಳ ನಡುವಿನ ಚರ್ಮದಡಿ ಸೂಜಿಯಿಂದ ಇಡುತ್ತಾರೆ. ಅದಕ್ಕೆ ಬ್ಯಾಟರಿ ಇಲ್ಲ, ಜಿಪಿಎಸ್ ಕೂಡಾ ಅಲ್ಲ. ಪ್ರಾಣಿ ಕಳೆದುಹೋಗಿ ಯಾರಾದರೂ ಕ್ಲಿನಿಕ್ಕಿಗೆ ಒಯ್ದಾಗ ಸ್ಕ್ಯಾನರ್ ಹಿಡಿದರೆ ಸಂಖ್ಯೆ ಸಿಗುತ್ತದೆ, ಅದರ ಮೂಲಕ ನಿಮ್ಮ ವಿಳಾಸ ಸಿಗುತ್ತದೆ. ಆದ್ದರಿಂದ ಮೊಬೈಲ್ ನಂಬರ್ ಬದಲಾದರೆ ಅಲ್ಲಿಯೂ ಬದಲಾಯಿಸಲು ಮರೆಯಬೇಡಿ.

ಲಸಿಕೆಗಳು: ಮರಿಗೆ 6ರಿಂದ 8 ವಾರವಾದಾಗ ಮೊದಲ ಚುಚ್ಚುಮದ್ದು, ನಂತರ 3-4 ವಾರಕ್ಕೊಮ್ಮೆ, 16 ವಾರದವರೆಗೆ. ರೇಬೀಸ್ ಲಸಿಕೆ 12 ವಾರದ ನಂತರ. ಮುಂದಿನ ತಾರೀಖುಗಳನ್ನು ವೈದ್ಯರು ಕೊಡುವ ಪುಸ್ತಕದಲ್ಲಿ ಬರೆಸಿಕೊಳ್ಳಿ. ಬೆಕ್ಕಿಗೆ 4ರಿಂದ 6 ತಿಂಗಳ ಒಳಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ಉತ್ತಮ. ಹೆಣ್ಣು ಬೆಕ್ಕಿನ ಗರ್ಭಕಾಲ ಕೇವಲ ಒಂಬತ್ತು ವಾರ. ಒಂದು ವರ್ಷ ಉದಾಸೀನ ಮಾಡಿದರೆ ಮನೆಯಲ್ಲಿ ಹತ್ತು ಮರಿಗಳಾದರೂ ಆಶ್ಚರ್ಯವಿಲ್ಲ.

3. ದಿನಚರಿ

ದಿನವೂ ಎರಡು ಬಾರಿ: ನೀರಿನ ಬಟ್ಟಲು ತೊಳೆದು ಹೊಸ ನೀರು. ಊಟ ಗೊತ್ತಾದ ವೇಳೆಗೆ. ಬೆಕ್ಕಿನ ಲಿಟರ್ ಬಾಕ್ಸಿನಿಂದ ಗಟ್ಟಿ ಕಸ ತೆಗೆಯುವುದು. ನಾಯಿಯ ವಾಕಿಂಗ್.

ದಿನಕ್ಕೊಮ್ಮೆ: ಬಾಚಣಿಗೆ ಮತ್ತು ಆಟ. ಬಾಚುವಾಗಲೇ ಕಿವಿ, ಕಣ್ಣು, ಒಸಡು, ಪಾದದ ಅಡಿ ನೋಡಿಬಿಡಿ. ಎರಡು ನಿಮಿಷದ ಕೆಲಸ.

ವಾರಕ್ಕೊಮ್ಮೆ: ಹಾಸಿಗೆ ಬಟ್ಟೆ ಒಗೆಯುವುದು, ಲಿಟರ್ ಬಾಕ್ಸ್ ಪೂರ್ತಿ ಖಾಲಿ ಮಾಡಿ ತೊಳೆಯುವುದು.

ತಿಂಗಳಿಗೊಮ್ಮೆ: ಚಿಗಟದ ಔಷಧಿ, ಉಗುರಿನ ತುದಿ ಕತ್ತರಿಸುವುದು, ತೂಕ ನೋಡುವುದು. ನಾಯಿಗೆ ಮೂರು-ನಾಲ್ಕು ವಾರಕ್ಕೊಂದು ಸ್ನಾನ ಸಾಕು. ನಮ್ಮ ಶಾಂಪೂ ಬೇಡ, ನಾಯಿಯ ಶಾಂಪೂ ಬಳಸಿ. ಆರೋಗ್ಯವಂತ ಬೆಕ್ಕಿಗೆ ಸ್ನಾನವೇ ಬೇಕಿಲ್ಲ, ಅದು ತನ್ನನ್ನು ತಾನೇ ನೆಕ್ಕಿಕೊಂಡು ಶುಚಿಯಾಗಿರುತ್ತದೆ.

ಒಂದು ಎಚ್ಚರಿಕೆ. ಬೆಕ್ಕು ಓಡಾಡುವ ನೆಲವನ್ನು ಡೆಟಾಲ್, ಫಿನಾಯಿಲ್ ಹಾಕಿ ಒರೆಸಬೇಡಿ. ಪಾದಕ್ಕೆ ತಾಗಿದ್ದನ್ನು ಅದು ನೆಕ್ಕುತ್ತದೆ. ಇಂತಹ ರಾಸಾಯನಿಕಗಳನ್ನು ಕರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಇದೇ ಕಾರಣದಿಂದ ಪನಡಾಲ್, ಕ್ರೋಸಿನ್, ಡೋಲೋ ಇವುಗಳ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಮನುಷ್ಯರ ಔಷಧಿಯನ್ನು ನೀವಾಗಿ ಎಂದೂ ಕೊಡಬೇಡಿ.

ಗಂಡು ಬೆಕ್ಕು ಪದೇ ಪದೇ ಲಿಟರ್ ಬಾಕ್ಸಿಗೆ ಹೋಗಿ ಮೂತ್ರ ಬಾರದೆ ಒದ್ದಾಡುತ್ತಿದ್ದರೆ ಅದು ತುರ್ತು ಪರಿಸ್ಥಿತಿ. ನಾಳೆ ನೋಡೋಣ ಎನ್ನದೆ ಆ ಹೊತ್ತಿಗೇ ವೈದ್ಯರಲ್ಲಿಗೆ ಒಯ್ಯಿರಿ. ಒಂದೆರಡು ದಿನದಲ್ಲಿ ಪ್ರಾಣ ಹೋಗುವ ತೊಂದರೆ ಅದು.

4. ಆಹಾರ: ನಮ್ಮ ಅಡುಗೆಮನೆಯ ಪ್ರಶ್ನೆ

ಸಸ್ಯಾಹಾರಿ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ: "ಮೊಸರನ್ನ ಹಾಕಿ ಬೆಕ್ಕು ಸಾಕಬಹುದೇ?" ಸ್ಪಷ್ಟ ಉತ್ತರ: ಸಾಧ್ಯವಿಲ್ಲ. ಬೆಕ್ಕು ಪೂರ್ತಿ ಮಾಂಸಾಹಾರಿ. ಟಾರೀನ್ ಎಂಬ ಪೋಷಕಾಂಶವನ್ನು ಅದು ತನಗೆ ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಮಾಂಸ, ಮೀನಿನಿಂದಲೇ ಅದು ಸಿಗಬೇಕು. ಕೊರತೆಯಾದರೆ ಕಣ್ಣು ಹೋಗುತ್ತದೆ, ಹೃದಯ ದುರ್ಬಲವಾಗುತ್ತದೆ. ಊರಿನ ಬೆಕ್ಕು ಹಾಲನ್ನ ತಿಂದು ಚೆನ್ನಾಗಿಯೇ ಇತ್ತಲ್ಲ ಎಂದರೆ, ಅದು ಹೊರಗೆ ಇಲಿ, ಹಲ್ಲಿ ಹಿಡಿದು ತಿನ್ನುತ್ತಿತ್ತು. ಮನೆಗೆ ಮಾಂಸ ತರುವುದು ಒಪ್ಪಿಗೆಯಿಲ್ಲದವರು ಡಬ್ಬಿಯ ಬೆಕ್ಕಿನ ಆಹಾರ ತಂದು ಅದಕ್ಕೆಂದೇ ಬೇರೆ ಪಾತ್ರೆ, ಬೇರೆ ಮೂಲೆ ಮಾಡಬಹುದು. ಅದೂ ಆಗದು ಎಂದಾದರೆ ಬೆಕ್ಕು ಸಾಕದೇ ಇರುವುದೇ ಆ ಪ್ರಾಣಿಗೆ ಮಾಡುವ ಉಪಕಾರ. ನಾಯಿ ಅಷ್ಟು ಕಟ್ಟುನಿಟ್ಟಿನದಲ್ಲ, ಆದರೆ ಬರೀ ಅನ್ನ-ಸಾರು ಅದಕ್ಕೂ ಸಾಲದು.

ಮನೆಬೆಕ್ಕಿನ ಮೂಲ ಪುರುಷ ಇದೇ ಪಶ್ಚಿಮ ಏಷ್ಯಾ, ಉತ್ತರ ಆಫ್ರಿಕಾಗಳ ಒಣ ಪ್ರದೇಶದ ಕಾಡುಬೆಕ್ಕು. ಬೇಟೆಯ ಮಾಂಸದಲ್ಲಿದ್ದ ನೀರಿನಲ್ಲೇ ಬಹುಪಾಲು ದಿನ ತಳ್ಳುತ್ತಿದ್ದ ಪ್ರಾಣಿ ಅದು. ಆದ್ದರಿಂದ ಬೆಕ್ಕಿಗೆ ಬಾಯಾರಿಕೆಯ ಅರಿವು ಕಡಿಮೆ. ಒಣ ಕಾಳನ್ನು ಮಾತ್ರ ತಿಂದು ನೀರು ಕುಡಿಯದ ಬೆಕ್ಕಿಗೆ ಮೂತ್ರಕೋಶದ ತೊಂದರೆ ಬರುತ್ತದೆ. ದಿನಕ್ಕೊಂದು ಹೊತ್ತಾದರೂ ಹಸಿ ಡಬ್ಬಿ ಆಹಾರ ಕೊಡಿ. ನೀರಿನ ಬಟ್ಟಲುಗಳನ್ನು ಎರಡು-ಮೂರು ಕಡೆ ಇಡಿ. ಹಾಲು ಬೇಡ, ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಅದು ಜೀರ್ಣವಾಗದೆ ಭೇದಿಯಾಗುತ್ತದೆ.

ಕೊಡಬಾರದ ಪದಾರ್ಥಗಳು:

ಈರುಳ್ಳಿ, ಬೆಳ್ಳುಳ್ಳಿ (ಉಪ್ಪಿಟ್ಟು, ಸಾಂಬಾರು, ಪಲ್ಯ ಯಾವುದರಲ್ಲಿದ್ದರೂ): ರಕ್ತಕಣ ನಾಶವಾಗುತ್ತವೆ.
ದ್ರಾಕ್ಷಿ, ಒಣದ್ರಾಕ್ಷಿ (ಕೇಸರಿಬಾತು, ಪಾಯಸ): ನಾಯಿಯ ಮೂತ್ರಪಿಂಡಕ್ಕೆ ವಿಷ.
ಚಾಕಲೇಟು, ಸಕ್ಕರೆ ಬದಲು ಜೈಲಿಟಾಲ್ ಹಾಕಿದ ಚೂಯಿಂಗ್ ಗಮ್.
ಬೇಯಿಸಿದ ಕೋಳಿ ಮೂಳೆ, ಮೀನಿನ ಮುಳ್ಳು.
ಖರ್ಜೂರದ ಬೀಜ: ಅಲ್ ಐನ್‌ನಲ್ಲಿ ಎಲ್ಲೆಲ್ಲೂ ಬಿದ್ದಿರುತ್ತದೆ, ಗಂಟಲಿಗೆ, ಕರುಳಿಗೆ ಸಿಕ್ಕಿಕೊಳ್ಳುತ್ತದೆ.

ಗಿಡಗಳ ವಿಷಯದಲ್ಲೂ ಎಚ್ಚರ ಬೇಕು. ಪೂಜೆಗೆಂದು ಬೆಳೆಸುವ ಕಣಗಿಲೆ ಎರಡೂ ಪ್ರಾಣಿಗಳಿಗೆ ವಿಷ. ಲಿಲ್ಲಿ ಹೂವಿನ ಪರಾಗ ಮೈಗೆ ತಾಗಿ ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ.

5. ಬೇಸಿಗೆ

2025ರ ಆಗಸ್ಟ್ 1ರಂದು ಅಲ್ ಐನ್ ಪ್ರಾಂತದ ಸ್ವೈಹಾನ್‌ನಲ್ಲಿ 51.8 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಇದು ನೆರಳಿನ ಗಾಳಿಯ ಲೆಕ್ಕ. ಬಿಸಿಲಿಗೆ ಕಾದ ಡಾಂಬರಿನ ಬಿಸಿ ಇದಕ್ಕಿಂತ ಎಷ್ಟೋ ಹೆಚ್ಚು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಡುವುದೇ ಅದರ ಕೂಲಿಂಗ್ ವ್ಯವಸ್ಥೆ. ಗಾಳಿಯೇ ಬೆಂಕಿಯಂತಿದ್ದಾಗ ಆ ವ್ಯವಸ್ಥೆ ಕೈಕೊಡುತ್ತದೆ.

ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಿನಲ್ಲಿ ಕಾರ್ಮಿಕರಿಂದ ಕೆಲಸ ಮಾಡಿಸಬಾರದೆಂಬ ನಿಯಮ ಇಲ್ಲಿದೆಯಲ್ಲವೇ? ನಾಯಿಗೆ ಇನ್ನೂ ಕಟ್ಟುನಿಟ್ಟು ಬೇಕು. ಮೇ ತಿಂಗಳಿನಿಂದ ಸೆಪ್ಟೆಂಬರ್ ಕೊನೆಯವರೆಗೆ ವಾಕಿಂಗ್ ಸೂರ್ಯೋದಯಕ್ಕೆ ಮೊದಲು ಅಥವಾ ರಾತ್ರಿ ಒಂಬತ್ತರ ನಂತರ. ಅಂಗೈಯ ಹಿಂಭಾಗವನ್ನು ನೆಲಕ್ಕೆ ಒತ್ತಿ ಏಳು ಎಣಿಸಿ. ತಾಳಲಾಗದಿದ್ದರೆ ನಾಯಿಯ ಪಾದವೂ ಸುಡುತ್ತದೆ.

ನಿಲ್ಲಿಸಿದ ಕಾರಿನೊಳಗಿನ ಬಿಸಿ ಹತ್ತೇ ನಿಮಿಷದಲ್ಲಿ ಸುಮಾರು 11 ಡಿಗ್ರಿ ಏರುತ್ತದೆ. "ಒಂದು ನಿಮಿಷ, ಮೊಸರು ತಂದೆ" ಎಂದು ಸೂಪರ್ ಮಾರ್ಕೆಟ್ಟಿಗೆ ಇಳಿದುಹೋಗಬೇಡಿ.

ಬಿಸಿಲ ಹೊಡೆತದ ಲಕ್ಷಣಗಳು: ನಿಲ್ಲದ ಏದುಸಿರು, ಅಂಟುಅಂಟಾದ ಜೊಲ್ಲು, ಕಡುಕೆಂಪು ಒಸಡು, ತೂರಾಟ, ವಾಂತಿ. ಬೆಕ್ಕು ಬಾಯಿ ತೆರೆದು ಉಸಿರಾಡುತ್ತಿದ್ದರೆ ಅದೇ ಅಪಾಯದ ಗುರುತು. ಆಗ ಮೊದಲು ತಂಪು ಮಾಡಿ, ಆಮೇಲೆ ಆಸ್ಪತ್ರೆ. ಮೈಮೇಲೆ ತಣ್ಣೀರು ಸುರಿಯುತ್ತಾ ಫ್ಯಾನ್ ಅಥವಾ ಎಸಿ ಗಾಳಿ ಬಿಡಿ. ಒದ್ದೆ ಟವೆಲ್ ಹೊದಿಸಿ ಹಾಗೇ ಬಿಡಬೇಡಿ, ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಇಲ್ಲಿ ಬೇಸಿಗೆಯಲ್ಲಿ ಟ್ಯಾಂಕಿನಿಂದ ಬರುವ ನಲ್ಲಿನೀರೇ ಸುಡುವುದರಿಂದ ಎರಡು ಬಾಟಲಿ ನೀರನ್ನು ಯಾವಾಗಲೂ ಫ್ರಿಜ್ಜಿನಲ್ಲಿಟ್ಟು, ಬೇಕಾದಾಗ ಬಕೆಟ್ ನೀರಿಗೆ ಬೆರೆಸಿಕೊಳ್ಳಿ.

ಬಾಲ್ಕನಿ, ಕಿಟಕಿಗಳಿಗೆ ಗಟ್ಟಿ ಜಾಲರಿ ಹಾಕಿಸಿ. ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೆ ನಿಲ್ಲುತ್ತದೆ ಎಂಬ ಮಾತನ್ನು ನಂಬಿ ಕೂರಬೇಡಿ. ಎರಡನೇ, ಮೂರನೇ ಮಹಡಿಯಿಂದ ಬಿದ್ದ ಬೆಕ್ಕುಗಳಿಗೂ ದವಡೆ, ಎದೆ, ಕಾಲುಗಳು ಮುರಿಯುತ್ತವೆ.

6. ಚಿಗಟ: ನಮಗೆ ಕಾಣುವುದು ನೂರಕ್ಕೆ ಐದು ಮಾತ್ರ

ಬೆಕ್ಕು, ನಾಯಿ ಎರಡರ ಮೈಮೇಲೂ ಸಾಮಾನ್ಯವಾಗಿ ಸಿಗುವುದು ಒಂದೇ ಜಾತಿಯ ಚಿಗಟ, ಬೆಕ್ಕಿನ ಚಿಗಟ. ಎರಡು-ಮೂರು ಮಿಲಿಮೀಟರ್ ಉದ್ದ, ಕಂದು ಬಣ್ಣ, ರೆಕ್ಕೆ ಇಲ್ಲ, ಜಿಗಿತ ಮಾತ್ರ ಜೋರು. ಹೆಣ್ಣು ಚಿಗಟ ರಕ್ತ ಕುಡಿದ ಒಂದೆರಡು ದಿನದಲ್ಲಿ ಮೊಟ್ಟೆಯಿಡಲು ಶುರುಮಾಡಿ ದಿನಕ್ಕೆ 40-50 ಮೊಟ್ಟೆ ಇಡುತ್ತದೆ. ಈ ಮೊಟ್ಟೆಗಳು ಕೂದಲಿಗೆ ಅಂಟುವುದಿಲ್ಲ, ಪ್ರಾಣಿ ಓಡಾಡಿದಲ್ಲೆಲ್ಲ ಉದುರುತ್ತವೆ. ಕಾರ್ಪೆಟ್, ಸೋಫಾ, ಮಂಚದಡಿ ಅವು ಹುಳುವಾಗಿ, ಗೂಡು ಕಟ್ಟಿ, ಅನುಕೂಲ ಹವೆಯಲ್ಲಿ ಮೂರು-ನಾಲ್ಕು ವಾರಕ್ಕೆ ಚಿಗಟವಾಗಿ ಹೊರಬರುತ್ತವೆ.

ಒಟ್ಟು ಸಂಖ್ಯೆಯಲ್ಲಿ ಮೈಮೇಲಿರುವ ದೊಡ್ಡ ಚಿಗಟಗಳು ಸುಮಾರು ಶೇಕಡಾ 5. ಉಳಿದ ಶೇಕಡಾ 95 ಮನೆಯ ನೆಲದಲ್ಲಿ ಮೊಟ್ಟೆ, ಹುಳು, ಗೂಡಿನ ರೂಪದಲ್ಲಿರುತ್ತವೆ. ಅಂದರೆ ಬೆಕ್ಕಿನ ಮೈಯಲ್ಲಿ 10 ಚಿಗಟ ಕಂಡರೆ ಮನೆಯಲ್ಲಿ ಇನ್ನೂ 190 ಕಾಯುತ್ತಿವೆ ಎಂದು ಲೆಕ್ಕ. ಬೆಕ್ಕಿಗೆ ಮಾತ್ರ ಔಷಧಿ ಹಾಕಿ "ಔಷಧಿ ಸರಿಯಿಲ್ಲ" ಎನ್ನುವವರು ಈ ಲೆಕ್ಕ ನೋಡಬೇಕು.

ಈ ಮರುಭೂಮಿಯಲ್ಲಿ ಚಿಗಟ ಬದುಕುತ್ತದೆಯೇ? ಹೊರಗಿನ ಒಣ ಬಿಸಿಲಿನಲ್ಲಿ ಬದುಕುವುದಿಲ್ಲ. 35 ಡಿಗ್ರಿ ದಾಟಿದರೆ, ಗಾಳಿಯ ತೇವ ಶೇಕಡಾ 50ಕ್ಕಿಂತ ಇಳಿದರೆ ಹುಳುಗಳು ಸಾಯುತ್ತವೆ. ಆದರೆ 24 ಡಿಗ್ರಿಗೆ ಎಸಿ ಇಟ್ಟ ಮನೆಯ ಕಾರ್ಪೆಟ್ಟಿನ ಬುಡದಲ್ಲಿ, ದಿನವೂ ನೀರು ಬಿಡುವ ಹುಲ್ಲುಹಾಸಿನ ನೆರಳಿನಲ್ಲಿ ಅವಕ್ಕೆ ವರ್ಷವಿಡೀ ಸುಗ್ಗಿ. ಯುರೋಪಿನಲ್ಲಿ ಚಳಿಗಾಲ ಬಂದಾಗ ಹೊರಗಿನ ಚಿಗಟಗಳಾದರೂ ತಗ್ಗುತ್ತವೆ, ನಮ್ಮ ಮನೆಗಳಲ್ಲಿ ಆ ಬಿಡುವೂ ಇಲ್ಲ.

ಪರೀಕ್ಷೆ ಸುಲಭ. ಬಿಳಿ ಕಾಗದದ ಮೇಲೆ ಪ್ರಾಣಿಯನ್ನು ನಿಲ್ಲಿಸಿ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಲದ ಬುಡ ಬಾಚಿ. ನಮ್ಮ ಹೇನು ಬಾಚಣಿಗೆಯೂ ಆದೀತು. ಉದುರಿದ ಕರಿ ಪುಡಿಯ ಮೇಲೆ ಎರಡು ಹನಿ ನೀರು ಹಾಕಿ. ಕೆಂಪು-ಕಂದು ಬಣ್ಣ ಬಿಟ್ಟರೆ ಅದು ಮಣ್ಣಲ್ಲ, ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ.

ನಿವಾರಣೆಯ ಕ್ರಮ ಹೀಗಿರಲಿ:

(ಅ) ಮನೆಯ ಎಲ್ಲ ಬೆಕ್ಕು-ನಾಯಿಗಳಿಗೂ ಒಂದೇ ದಿನ ಔಷಧಿ. ಫಿಪ್ರೋನಿಲ್, ಸೆಲಮೆಕ್ಟಿನ್, ಫ್ಲೂರಾಲನರ್ ಮುಂತಾದವು ಇವೆ. ಯಾವುದು, ಎಷ್ಟು ಎಂಬುದನ್ನು ತೂಕ ನೋಡಿ ವೈದ್ಯರೇ ಹೇಳಬೇಕು. ಕುತ್ತಿಗೆಯ ಹಿಂಭಾಗದಲ್ಲಿ ಕೂದಲು ಸರಿಸಿ ಚರ್ಮಕ್ಕೆ ತಾಗುವಂತೆ ಹನಿ ಹಾಕಬೇಕು, ನೆಕ್ಕಲು ಸಿಗುವ ಜಾಗದಲ್ಲಿ ಬೇಡ.

(ಆ) ಅದೇ ದಿನ ಹಾಸಿಗೆ, ಹೊದಿಕೆ ಎಲ್ಲವನ್ನೂ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ.

(ಇ) ಮೊದಲ ಎರಡು ವಾರ ದಿನವೂ ವ್ಯಾಕ್ಯೂಮ್ ಮಾಡಿ. ಸೋಫಾ ಸಂದು, ಮಂಚದಡಿ, ಕಾರಿನ ಸೀಟು ಬಿಡಬೇಡಿ. ಚೀಲವನ್ನು ಕಟ್ಟಿ ಹೊರಗಿನ ಕಸದ ತೊಟ್ಟಿಗೆ ಹಾಕಿ.

(ಈ) ಹಾವಳಿ ಹೆಚ್ಚಿದ್ದರೆ ಪರವಾನಗಿ ಇರುವ ಕೀಟನಿಯಂತ್ರಣ ಸಂಸ್ಥೆಯನ್ನು ಕರೆಯಿರಿ. ಮೊಟ್ಟೆ-ಹುಳು ಬೆಳೆಯದಂತೆ ತಡೆಯುವ ಔಷಧಿ ಸಿಂಪಡಿಸಲು ಹೇಳಿ. ಸಿಂಪಡಿಸಿದ್ದು ಒಣಗುವವರೆಗೆ ಮಕ್ಕಳು, ಪ್ರಾಣಿಗಳು ಹೊರಗಿರಲಿ, ಮೀನಿನ ತೊಟ್ಟಿಯ ಪಂಪ್ ನಿಲ್ಲಿಸಿ ಮುಚ್ಚಿಡಿ. ಕಳ್ಳತನದಲ್ಲಿ ಮಾರುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಯಾವ ಕಾರಣಕ್ಕೂ ಮನೆಯಲ್ಲಿ ಇಡಬೇಡಿ. ಅದರ ವಿಷಾನಿಲ ಪಕ್ಕದ ಫ್ಲ್ಯಾಟಿಗೂ ಹರಿದು ಈ ದೇಶದಲ್ಲಿ ಮಕ್ಕಳ ಜೀವವನ್ನೇ ತೆಗೆದಿದೆ.

(ಉ) ತಿಂಗಳ ಔಷಧಿಯನ್ನು ಕನಿಷ್ಠ ಮೂರು ತಿಂಗಳು ನಿಲ್ಲಿಸದೆ ಹಾಕಿ. ಎರಡನೇ ವಾರದಲ್ಲಿ ಮತ್ತೆ ಚಿಗಟ ಕಂಡರೆ ಗಾಬರಿ ಬೇಡ, ಅವು ಹಳೆಯ ಗೂಡುಗಳಿಂದ ಬಂದವು.

ಗೂಡಿನೊಳಗಿನ ಚಿಗಟಕ್ಕೆ ಸಿಂಪಡಣೆ ಅಷ್ಟಾಗಿ ತಟ್ಟುವುದಿಲ್ಲ. ತಿಂಗಳುಗಟ್ಟಲೆ ಸುಮ್ಮನಿದ್ದು, ನಡಿಗೆಯ ಕಂಪನ, ಮೈಬಿಸಿ, ಉಸಿರು ತಾಗಿದೊಡನೆ ಹೊರಬರುತ್ತದೆ. ಎಸಿಯನ್ನು ಸಣ್ಣದಾಗಿ ಓಡಲು ಬಿಟ್ಟು ಜುಲೈ-ಆಗಸ್ಟ್ ರಜೆಗೆ ಊರಿಗೆ ಹೋಗಿ ಬಂದ ದಿನವೇ ಕಾಲಿಗೆಲ್ಲ ಕಡಿತ ಶುರುವಾಗುವುದು ಇದರಿಂದಲೇ. ಹೊರಡುವ ಹಿಂದಿನ ದಿನ ಮತ್ತು ಬಂದ ದಿನ ಮನೆಯನ್ನು ಚೆನ್ನಾಗಿ ವ್ಯಾಕ್ಯೂಮ್ ಮಾಡಿ.

ಅತಿ ಮುಖ್ಯ ಎಚ್ಚರಿಕೆ: ನಾಯಿಯ ಚಿಗಟದ ಔಷಧಿಯನ್ನು ಬೆಕ್ಕಿಗೆ ಹಾಕಬೇಡಿ. ನಾಯಿಯ ಹಲವು ಔಷಧಿಗಳಲ್ಲಿರುವ ಪರ್ಮೆಥ್ರಿನ್ ಬೆಕ್ಕಿಗೆ ಘೋರ ವಿಷ. ಮೈ ನಡುಗಿ, ಸೆಳೆತ ಬಂದು ಸಾಯುತ್ತದೆ. ತಪ್ಪಿ ತಾಗಿದರೆ ಪಾತ್ರೆ ತೊಳೆಯುವ ಸೋಪಿನಿಂದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ತಕ್ಷಣ ವೈದ್ಯರಲ್ಲಿಗೆ ಓಡಿ. ಊರಿನಿಂದ ಸೂಟ್‌ಕೇಸಿನಲ್ಲಿ ತಂದ ಹೆಸರಿಲ್ಲದ ಪೌಡರ್, ಸೀಮೆಎಣ್ಣೆ, ಕರ್ಪೂರ, ನೀಲಗಿರಿ ಎಣ್ಣೆ ಇವೂ ಬೇಡ. ಎಂಟು ವಾರಕ್ಕಿಂತ ಸಣ್ಣ ಮರಿಗೆ ಹೆಚ್ಚಿನ ಔಷಧಿಗಳು ಆಗುವುದಿಲ್ಲ. ಬಾಚಿ, ಸಿಕ್ಕ ಚಿಗಟಗಳನ್ನು ಸೋಪಿನ ನೀರಿಗೆ ಅದ್ದುವುದೇ ದಾರಿ. ಉಪೇಕ್ಷಿಸಿದರೆ ಸಣ್ಣ ಮರಿ ರಕ್ತಹೀನತೆಯಿಂದಲೇ ಸಾಯಬಹುದು. ಚಿಗಟ ನುಂಗಿದ ಪ್ರಾಣಿಗೆ ಲಾಡಿಹುಳುವೂ ಬರುತ್ತದೆ, ಆದ್ದರಿಂದ ಜಂತುಹುಳುವಿನ ಔಷಧಿಯನ್ನೂ ಕೇಳಿ ಪಡೆಯಿರಿ.

7. ಉಣ್ಣೆ

ಮಲೆನಾಡಿನವರಿಗೆ ಉಣುಗಿನ ಭಯ ಹೇಳಿಕೊಡಬೇಕಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಅದರಿಂದಲೇ. ಇಲ್ಲಿ ನಾಯಿಗೆ ಹತ್ತುವುದು ಬೇರೆ ಜಾತಿ, ಕಂದು ನಾಯಿ ಉಣ್ಣೆ. ಇದು ಮಂಗನ ಕಾಯಿಲೆ ತರುವುದಿಲ್ಲ, ಆದರೆ ನಾಯಿಗೆ ಎರ್ಲಿಕಿಯಾ, ಬಬೀಸಿಯಾ ಎಂಬ ರಕ್ತದ ರೋಗಗಳನ್ನು ತರುತ್ತದೆ. ಗೋಡೆಯ ಬಿರುಕು, ಬಾಗಿಲ ಚೌಕಟ್ಟಿನ ಸಂದಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ವಾಕಿಂಗ್ ಮುಗಿಸಿ ಬಂದಾಗ ಕಿವಿಯೊಳಗೆ, ಬೆರಳ ಸಂದುಗಳಲ್ಲಿ ನೋಡಿ. ಕಂಡರೆ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರವಾಗಿ, ನಿಧಾನವಾಗಿ ಎಳೆಯಿರಿ. ಬೆಂಕಿಕಡ್ಡಿ ತಾಗಿಸುವುದು, ಎಣ್ಣೆ ಹಚ್ಚುವುದು ಬೇಡ. ಬರಿ ಬೆರಳಲ್ಲಿ ಹಿಸುಕಬೇಡಿ. ಜ್ವರ, ಬಿಳುಚಿದ ಒಸಡು, ಊಟ ಬಿಡುವುದು ಕಂಡರೆ ರಕ್ತಪರೀಕ್ಷೆ ಮಾಡಿಸಿ.

8. ಆಟ

ನಾಲ್ಕು ಗೋಡೆಗಳ ನಡುವೆ ಬೆಳೆಯುವ ಪ್ರಾಣಿಗೆ ಆಟವೂ ಊಟದಷ್ಟೇ ಅಗತ್ಯ. ಸೋಫಾ ಹರಿಯುವುದು, ರಾತ್ರಿ ಕೂಗುವುದು, ಕಾಲು ಕಚ್ಚುವುದು – ಇವುಗಳಲ್ಲಿ ಬಹುಪಾಲು ಕೆಟ್ಟ ಬುದ್ಧಿಯಿಂದ ಬಂದದ್ದಲ್ಲ, ಬೇಸರದಿಂದ ಬಂದದ್ದು.

ಬೆಕ್ಕಿಗೆ ದಿನಕ್ಕೆ ಎರಡು ಸಲ, ಹತ್ತು-ಹದಿನೈದು ನಿಮಿಷ. ಅದರ ಆಟವೆಂದರೆ ಬೇಟೆ. ಕೋಲಿಗೆ ಕಟ್ಟಿದ ಗರಿಯನ್ನು ಇಲಿಯಂತೆ ನೆಲದಲ್ಲಿ ಎಳೆಯಿರಿ, ಪರದೆಯ ಹಿಂದೆ ಅಡಗಿಸಿ, ಕೊನೆಯಲ್ಲಿ ಹಿಡಿಯಲು ಬಿಡಿ, ಆಮೇಲೆ ಊಟ ಕೊಡಿ. ಬೇಟೆ, ಊಟ, ನಿದ್ದೆ ಎಂಬ ಅದರ ಸಹಜ ಕ್ರಮ ಪೂರ್ತಿಯಾಗುತ್ತದೆ. ಬೆಳಗಿನ ನಾಲ್ಕಕ್ಕೆ ಎಬ್ಬಿಸುವ ಬೆಕ್ಕಿಗೆ ಮಲಗುವ ಮುನ್ನ ಹೀಗೆ ಆಡಿಸಿದರೆ ನಿಮಗೂ ನಿದ್ದೆ. ಲೇಸರ್ ಬೆಳಕು ಮಾತ್ರ ಆಡಿಸಿದರೆ ಏನೂ ಕೈಗೆ ಸಿಗದೆ ಸಿಡುಕು ಹೆಚ್ಚುತ್ತದೆ. ಕೊನೆಗೊಂದು ನಿಜ ಆಟಿಕೆ ಸಿಗಲಿ. ದಾರ, ಉಣ್ಣೆನೂಲು, ರಬ್ಬರ್ ಬ್ಯಾಂಡ್‌ಗಳನ್ನು ಆಟ ಮುಗಿದ ಮೇಲೆ ಎತ್ತಿಡಿ. ನುಂಗಿದರೆ ಕರುಳು ಸುತ್ತಿಕೊಂಡು ಆಪರೇಷನ್ ಮಾಡಬೇಕಾಗುತ್ತದೆ.

ದುಬಾರಿ ಆಟಿಕೆ ಬೇಕಿಲ್ಲ. ರಟ್ಟಿನ ಪೆಟ್ಟಿಗೆ ಬೆಕ್ಕಿಗೆ ಅರಮನೆ. ಮರದ ಗೂಟಕ್ಕೆ ತೆಂಗಿನ ನಾರಿನ ಹಗ್ಗ ಬಿಗಿಯಾಗಿ ಸುತ್ತಿದರೆ ಉಗುರು ಮಸೆಯುವ ಕಂಬ ತಯಾರು. ಬೆಕ್ಕು ಪೂರ್ತಿ ಮೈ ಚಾಚುವಷ್ಟು ಎತ್ತರವಿರಲಿ, ಸೋಫಾದ ಪಕ್ಕದಲ್ಲೇ ಇಡಿ.

ನಾಯಿಗೆ ಬೇಸಿಗೆಯಲ್ಲಿ ಹೊರಗಿನ ಓಟ ತಪ್ಪುವುದರಿಂದ ಮೂಗಿಗೆ ಕೆಲಸ ಕೊಡಿ. ಹಳೆಯ ಟವೆಲಿನಲ್ಲಿ ತಿನಿಸಿನ ಕಾಳು ಸುತ್ತಿಡುವುದು, ಮೂರು ಲೋಟಗಳಲ್ಲಿ ಒಂದರಡಿ ತಿಂಡಿ ಅಡಗಿಸುವುದು, ಮಕ್ಕಳೊಡನೆ ಕಣ್ಣಾಮುಚ್ಚಾಲೆ – ಹದಿನೈದು ನಿಮಿಷದ ಮೂಸುವ ಆಟವೂ ನಾಯಿಯನ್ನು ಚೆನ್ನಾಗಿ ದಣಿಸುತ್ತದೆ. ಕೂರು, ನಿಲ್ಲು, ಬಾ ಎಂದು ಕನ್ನಡದಲ್ಲೇ ಕಲಿಸಿ. ನಾಯಿಗೆ ಭಾಷೆಯ ಭೇದವಿಲ್ಲ, ಮಕ್ಕಳ ನಾಲಿಗೆಗೂ ಅಭ್ಯಾಸವಾಯಿತು! ಮನೆಯವರೆಲ್ಲ ಒಂದೇ ಪದ ಬಳಸಬೇಕು, ಅಷ್ಟೇ. ನವೆಂಬರಿನಿಂದ ಮಾರ್ಚ್‌ವರೆಗೆ ಹೊರಗಿನ ಓಡಾಟಕ್ಕೆ ಹೇಳಿಮಾಡಿಸಿದ ಕಾಲ. ಹೊರಡುವ ಮುನ್ನ ಆ ಜಾಗಕ್ಕೆ ನಾಯಿಗೆ ಪ್ರವೇಶವಿದೆಯೇ ಎಂದು ಫಲಕ ನೋಡಿ, ಮಲ ಎತ್ತಲು ಚೀಲ ಜೊತೆಗಿರಲಿ.

ಮಕ್ಕಳಿಗೆ ಮೂರು ನಿಯಮ ಕಲಿಸಿ: ತಿನ್ನುವಾಗ ಮುಟ್ಟಬಾರದು, ಮಲಗಿದ್ದಾಗ ಎಬ್ಬಿಸಬಾರದು, ಬಾಲ ಎಳೆಯಬಾರದು. ಐದು ವರ್ಷದೊಳಗಿನ ಮಗುವನ್ನು ಪ್ರಾಣಿಯೊಡನೆ ಒಂಟಿಯಾಗಿ ಬಿಡಬೇಡಿ.

9. ಮನೆಯವರ ಆರೋಗ್ಯ

ಗರ್ಭಿಣಿಯರಿರುವ ಮನೆಯಲ್ಲಿ ಬೆಕ್ಕನ್ನು ಹೊರಹಾಕಬೇಕಿಲ್ಲ. ಟಾಕ್ಸೋಪ್ಲಾಸ್ಮಾ ರೋಗಾಣು ಬೆಕ್ಕಿನ ಮಲದಲ್ಲಿ ಬಂದರೂ ಸೋಂಕು ಹಚ್ಚುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ಲಿಟರ್ ಬಾಕ್ಸನ್ನು ದಿನವೂ, ಮನೆಯ ಬೇರೆಯವರು ತೆಗೆದರೆ ಅಪಾಯ ಬಹಳ ತಗ್ಗುತ್ತದೆ. ಹಸಿ ಮಾಂಸ ಹಾಕದಿರುವುದು, ಬೆಕ್ಕನ್ನು ಹೊರಗೆ ಬೇಟೆಗೆ ಬಿಡದಿರುವುದು ಇನ್ನೂ ಒಳ್ಳೆಯದು. ಈ ಯಜಮಾನರು ಮಾಡಬೇಕಾದ ಕೆಲಸವನ್ನು ಒಂಬತ್ತು ತಿಂಗಳ ನಂತರವೂ ಮುಂದುವರಿಸಿದರೆ ತಪ್ಪಿಲ್ಲ!

ಬೀದಿಯ ಪ್ರಾಣಿ ಅಥವಾ ಗೊತ್ತಿಲ್ಲದ ನಾಯಿ-ಬೆಕ್ಕು ಕಚ್ಚಿದರೆ, ಪರಚಿದರೆ ಹರಿಯುವ ನೀರು ಮತ್ತು ಸೋಪಿನಿಂದ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಮೆತ್ತಬೇಡಿ. ರಜೆಗೆ ಊರಿಗೆ ಹೋದಾಗಲೂ ಮಕ್ಕಳಿಗೆ ಈ ಮಾತು ನೆನಪಿಸಿ. ರೇಬೀಸ್ ಲಕ್ಷಣ ಕಂಡ ಮೇಲೆ ಚಿಕಿತ್ಸೆ ಇಲ್ಲ.

10. ರಜೆ ಮತ್ತು ಊರಿಗೆ ವಾಪಸ್

ಬೇಸಿಗೆ ರಜೆಗೆ ಹೋಗುವವರು ಟಿಕೆಟ್ ಮಾಡುವಾಗಲೇ ಪ್ರಾಣಿಗೆ ಜಾಗ ಗೊತ್ತುಮಾಡಿ. ಬೋರ್ಡಿಂಗ್ ಕೇಂದ್ರಗಳು ಜುಲೈ, ಆಗಸ್ಟ್‌ಗೆ ಬೇಗ ತುಂಬುತ್ತವೆ, ಲಸಿಕೆ ಪುಸ್ತಕ ಇಲ್ಲದೆ ಸೇರಿಸುವುದಿಲ್ಲ. ಯಂತ್ರದಲ್ಲಿ ಕಾಳು ತುಂಬಿಸಿಟ್ಟು ಬೆಕ್ಕನ್ನು ಒಂಟಿಯಾಗಿ ಬಿಟ್ಟುಹೋಗಬೇಡಿ. ಆ ಕಾಲದಲ್ಲಿ ಎಸಿ ಕೆಟ್ಟರೆ ಮುಚ್ಚಿದ ಫ್ಲ್ಯಾಟ್ ಕೆಲವೇ ಗಂಟೆಯಲ್ಲಿ ಒಲೆಯಾಗುತ್ತದೆ. ಕೇಂದ್ರ ಸಿಗದಿದ್ದರೆ ರಜೆಗೆ ಹೋಗದ ಕನ್ನಡ ಕುಟುಂಬವನ್ನು ಕೇಳಿ. ಒಂದು ವರ್ಷ ಅವರು, ಮುಂದಿನ ವರ್ಷ ನೀವು.

ಪೂರ್ತಿಯಾಗಿ ಊರಿಗೆ ಮರಳುವವರು ಕನಿಷ್ಠ ಮೂರು ತಿಂಗಳ ಮುಂಚೆ ತಯಾರಿ ಶುರುಮಾಡಿ. ಮೈಕ್ರೋಚಿಪ್, ಪ್ರಯಾಣಕ್ಕೆ ಕನಿಷ್ಠ 30 ದಿನ ಮೊದಲು ಹಾಗೂ 12 ತಿಂಗಳ ಒಳಗೆ ಕೊಡಿಸಿದ ರೇಬೀಸ್ ಲಸಿಕೆ, ಯುಎಇಯ ಹವಾಮಾನ ಬದಲಾವಣೆ ಮತ್ತು ಪರಿಸರ ಸಚಿವಾಲಯದ ಆರೋಗ್ಯ ಪ್ರಮಾಣಪತ್ರ, ಭಾರತ ಸರಕಾರದ ಪ್ರಾಣಿ ಕ್ವಾರಂಟೈನ್ ಕೇಂದ್ರದ ಮುಂಗಡ ನಿರಾಕ್ಷೇಪಣಾ ಪತ್ರ – ಇವಿಷ್ಟು ಮುಖ್ಯ. ವಿದೇಶದಲ್ಲಿ ಎರಡು ವರ್ಷ ಇದ್ದು ವಾಸ ಬದಲಿಸುವವರು ತಲಾ ಎರಡು ಸಾಕುಪ್ರಾಣಿ ತರಲು 2013ರ ಸರಕಾರಿ ಆದೇಶ ಅವಕಾಶ ಕೊಟ್ಟಿತು. ಪ್ರಾಣಿಗಳನ್ನು ಇಳಿಸಲು ಕ್ವಾರಂಟೈನ್ ವ್ಯವಸ್ಥೆ ಇರುವ ನಿಲ್ದಾಣವೇ ಆಗಬೇಕು. ಬೆಂಗಳೂರು, ಮುಂಬೈ, ದೆಹಲಿ, ಚೆನ್ನೈ, ಹೈದರಾಬಾದ್, ಕೊಲ್ಕತ್ತ ಮೊದಲಿನಿಂದ ಇದ್ದವು, 2024ರಲ್ಲಿ ಕೊಚ್ಚಿ ಸೇರಿತು. ಮಂಗಳೂರು, ಉಡುಪಿ, ಕಾಸರಗೋಡಿನ ಬಂಧುಗಳು ಮಂಗಳೂರು ವಿಮಾನವನ್ನೇ ನಂಬಿ ಟಿಕೆಟ್ ಮಾಡುವ ಮೊದಲು ಇದನ್ನು ವಿಚಾರಿಸಿ. ಬೆಂಗಳೂರಿನ ಕ್ವಾರಂಟೈನ್ ಕೇಂದ್ರ ಹೆಸರಘಟ್ಟದಲ್ಲಿದೆ. ವಿಮಾನ ಕಂಪನಿಗಳ ನಿಯಮಗಳು ಬೇರೆ ಬೇರೆ, ಚಪ್ಪಟೆ ಮೂಗಿನ ತಳಿಗಳಿಗೆ ನಿರ್ಬಂಧ ಹೆಚ್ಚು. ಬೇಸಿಗೆ ತಪ್ಪಿಸಿ ಪ್ರಯಾಣ ಮಾಡಿಸುವುದು ಕ್ಷೇಮ. ಗೂಡಿಗೆ ಎರಡು ತಿಂಗಳು ಮುಂಚಿನಿಂದಲೇ ಅಭ್ಯಾಸ ಮಾಡಿಸಿ, ಅದರಲ್ಲೇ ಊಟ ಹಾಕಿ, ಬಾಗಿಲು ತೆರೆದಿಡಿ.

ಕರೆದೊಯ್ಯಲು ಆಗದಿದ್ದರೆ ಹೊಸ ಮನೆ ಹುಡುಕಿ ಕೊಟ್ಟು, ನೋಂದಣಿಯನ್ನೂ ಅವರ ಹೆಸರಿಗೆ ಬದಲಿಸಿ. "ಬೀದಿಯಲ್ಲಿ ಬೇರೆ ಬೆಕ್ಕುಗಳಿವೆಯಲ್ಲ, ಇದೂ ಬದುಕುತ್ತದೆ" ಎಂದು ಗೇಟಿನ ಹೊರಗೆ ಬಿಡುವುದು ಮಾತ್ರ ಬೇಡ. ಎಸಿಯಲ್ಲಿ ಬೆಳೆದ ಬೆಕ್ಕಿಗೆ ಬೀದಿಯ ಬೆಕ್ಕುಗಳ ಗಡಿ ಗೊತ್ತಿಲ್ಲ, ನೀರು ಎಲ್ಲಿ ಸಿಗುತ್ತದೆಂದು ಗೊತ್ತಿಲ್ಲ, ಕಾರಿನ ಭಯವಿಲ್ಲ. ಬೇಸಿಗೆಯಾದರೆ ಹೆಚ್ಚು ದಿನ ಬಾಳದು. ಮೈಕ್ರೋಚಿಪ್ ಇರುವುದರಿಂದ ಯಾರದೆಂದೂ ಗೊತ್ತಾಗುತ್ತದೆ. ಬೀದಿಯಲ್ಲಿ ಗಾಯಗೊಂಡ ಪ್ರಾಣಿ ಕಂಡರೆ ಅಬುಧಾಬಿ ಸರಕಾರದ 800 555 ಸಂಖ್ಯೆಗೆ ತಿಳಿಸಬಹುದು.

ಕೊನೆಯದಾಗಿ ಒಂದು ಮಾತು. ಅಜ್ಜ-ಅಜ್ಜಿ, ಅತ್ತೆ-ಮಾವ, ಚಿಕ್ಕಪ್ಪ-ದೊಡ್ಡಪ್ಪಂದಿರಿಂದ ದೂರ ಬೆಳೆಯುವ ನಮ್ಮ ಮಕ್ಕಳಿಗೆ ಇನ್ನೊಂದು ಜೀವದ ಹಸಿವು, ನೋವು, ನಿದ್ದೆಯನ್ನು ಗಮನಿಸುವ ಅಭ್ಯಾಸ ಮನೆಯ ಬೆಕ್ಕು-ನಾಯಿಯಿಂದ ಬರುತ್ತದೆ. ಅದನ್ನು ತರುವ ದಿನ ಮಕ್ಕಳು ನಮ್ಮನ್ನು ಹೇಗೆ ನೋಡುತ್ತಾರೋ, ಕಳುಹಿಸುವ ದಿನವೂ ಹಾಗೆಯೇ ನೋಡುತ್ತಾರೆ. ಆ ದಿನ ನಾವು ಮಾಡಿದ್ದನ್ನು ಅವರು ಮರೆಯುವುದಿಲ್ಲ. ಹಾಗಾಗಿ ಮೈಕ್ರೋಚಿಪ್ ಹಾಕಿಸುವ ದಿನವೇ ಊರಿಗೆ ಕರೆದೊಯ್ಯುವ ಖರ್ಚಿಗೆಂದು ಸ್ವಲ್ಪ ಹಣ ತೆಗೆದಿಡಲು ಪ್ರಾರಂಭಿಸಿ. ನಿಮ್ಮ ಮನೆಯ ನಾಲ್ಕು ಕಾಲಿನ ಸದಸ್ಯರಿಗೆ ಶುಭವಾಗಲಿ.